ಎರಡನೇ ಸಹಿಗೆ ಮುಂಚೆ

ಓದುಗರು ಕೇಳಿದ್ದಾರೆ. ಉತ್ತರ ಕೊಡುವವರು ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತರಾದ ಹಿರಿಯರು.

ಪ್ರಶ್ನೆ: ಅಕ್ಕ, ನನಗೆ 38 ವರ್ಷ. ಕಳೆದ ವರ್ಷ ಎಡ ಸ್ತನದಲ್ಲಿ ಗಂಟು ಕಾಣಿಸಿತು. ಆಪರೇಷನ್ ಆಯಿತು, ಕೀಮೋ ಆಯಿತು. ಈಗ 21 ದಿನಕ್ಕೊಂದು ಟ್ರಾಸ್ಟುಜುಮ್ಯಾಬ್ ಇಂಜೆಕ್ಷನ್ ನಡೆಯುತ್ತಿದೆ. ಡಾಕ್ಟರು ಒಟ್ಟು 18 ಅಂದಿದ್ದಾರೆ, 7 ಮುಗಿದಿದೆ. ಎಲ್ಲವೂ ನಮ್ಮ ಯಜಮಾನರ ಬೆಂಗಳೂರಿನ ಕಂಪನಿ ಮೆಡಿಕ್ಲೇಮಿನಲ್ಲಿ. ಎರಡು ವರ್ಷದಿಂದ ನಾವು ಒಟ್ಟಿಗಿಲ್ಲ, ನಾನು ತವರಿನಲ್ಲಿದ್ದೇನೆ. ಮೂರು ತಿಂಗಳ ಹಿಂದೆ ಇಬ್ಬರೂ ಒಪ್ಪಿ ಡೈವೋರ್ಸ್ ಅರ್ಜಿಗೆ ಸಹಿ ಹಾಕಿದೆವು. 8 ಲಕ್ಷ ಕೊಡುತ್ತೇನೆ ಎಂದಿದ್ದಾರೆ. ಈಗ ಅವರ ವಕೀಲರು ಇನ್ನೊಂದು ಕಾಗದ ಕಳಿಸಿದ್ದಾರೆ. ಕಾಯುವ ಅವಧಿ ಮನ್ನಾ ಮಾಡಿ ಎಂದು ಕೋರ್ಟಿಗೆ ಕೇಳುವ ಕಾಗದವಂತೆ. ಅತ್ತೆಯವರು ಫೋನಿನಲ್ಲಿ, "ಕಾಯಿಲೆ ಇರೋ ಹೆಂಡತೀನ ಕೋರ್ಟೇ ಬಿಡಿಸುತ್ತೆ, ಸುಮ್ನೆ ಸಹಿ ಹಾಕಿಬಿಡು" ಅನ್ನುತ್ತಾರೆ. ಡೈವೋರ್ಸ್ ಆದಮೇಲೂ ನನ್ನ ಇನ್ಶೂರೆನ್ಸ್ ಕಾರ್ಡ್ ನಡೆಯುತ್ತದಾ ಅಕ್ಕ?
ಹೆಸರು ಬೇಡ, ದಾವಣಗೆರೆ

ಉತ್ತರ: ತಂಗಿ, ಮೊದಲು ಆ ಮನ್ನಾ ಕಾಗದವನ್ನು ಮಡಚಿ ಬೀರುವಿನಲ್ಲಿಡಿ. ಸಹಿ ಹಾಕಬೇಡಿ. ಉಳಿದದ್ದು ಆಮೇಲೆ ಮಾತಾಡೋಣ.

ಕಾರ್ಡ್ ನಡೆಯುವುದಿಲ್ಲ. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ನಿಮ್ಮ ಹೆಸರು ಇರುವುದು ನೌಕರನ ಹೆಂಡತಿ ಎಂಬ ಒಂದೇ ಕಾರಣಕ್ಕೆ. ಕೋರ್ಟು ಡಿಕ್ರಿ, ಅಂದರೆ ಡೈವೋರ್ಸಿನ ಅಂತಿಮ ಆದೇಶ, ಕೊಟ್ಟ ದಿನ ಆ ಕಾರಣ ಹೋಗುತ್ತದೆ. ಪ್ಲಾಸ್ಟಿಕ್ ಕಾರ್ಡ್ ನಿಮ್ಮ ಪರ್ಸಿನಲ್ಲೇ ಇರಬಹುದು, ಆಸ್ಪತ್ರೆಯ ಕೌಂಟರಿನಲ್ಲಿ ಒಮ್ಮೊಮ್ಮೆ ಕೆಲಸವನ್ನೂ ಮಾಡಬಹುದು. ಆದರೆ ಆಮೇಲೆ ಗೊತ್ತಾದರೆ ಆ ದುಡ್ಡು ವಾಪಸ್ ಕೇಳುತ್ತಾರೆ.

ನನಗೆ ಇದು ಹೇಗೆ ಗೊತ್ತು ಅಂದರೆ, ಇಂಥ ಒಂದು ಕ್ಲೇಮನ್ನು ತಿರಸ್ಕರಿಸಿ ಸಹಿ ಹಾಕಿದವಳು ನಾನೇ. ಬಹಳ ವರ್ಷ ಆಯಿತು. ಫೈಲಿನಲ್ಲಿ ಎರಡು ತಾರೀಖು ಇತ್ತು. ಡಿಕ್ರಿ 11ನೇ ತಾರೀಖು. ಆಸ್ಪತ್ರೆಗೆ ಸೇರಿದ್ದು 14. "ದಾಖಲಾದ ದಿನ ಸದಸ್ಯೆ ಅಲ್ಲ" ಎಂದು ಒಂದು ಸಾಲು ಬರೆದೆ. ವಾರದ ಮೇಲೆ ಆ ಹೆಂಗಸು ಕಚೇರಿಗೆ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರ ತುಂಬ ಬಿಲ್ಲು. ಜಗಳ ಮಾಡಲಿಲ್ಲ. "ಮೂರೇ ದಿನ ಮೇಡಂ. ಯಾರಾದ್ರೂ ಮೊದಲೇ ಹೇಳಿದ್ರೆ ಡೇಟು ಮುಂದಕ್ಕೆ ಕೇಳ್ತಿದ್ದೆ" ಎಂದರು. ನಿಯಮದ ಪ್ರಕಾರ ನಾನು ಮಾಡಿದ್ದು ಸರಿಯೇ. ಆದರೂ ಆ ಚೀಲ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ. ಅದಕ್ಕೇ ನಿಮಗೆ ಇಷ್ಟುದ್ದ ಬರೆಯುತ್ತಿದ್ದೇನೆ.

ಈಗ ಒಂದು ಲೆಕ್ಕ ಹಾಕೋಣ. ನಿಮಗೆ ಇನ್ನು 11 ಇಂಜೆಕ್ಷನ್ ಬಾಕಿ. 21 ದಿನಕ್ಕೊಂದು ಅಂದರೆ 231 ದಿನ, ಹತ್ತಿರ ಹತ್ತಿರ ಏಳೂವರೆ ತಿಂಗಳು. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಪ್ರಕಾರ ಮೊದಲ ಅರ್ಜಿ ಕೊಟ್ಟಮೇಲೆ ಆರು ತಿಂಗಳು ಕಾಯಬೇಕು, ಆಮೇಲೆ ಇಬ್ಬರೂ ಮತ್ತೆ ಹೋಗಿ "ಹೌದು, ನಮಗೆ ಬೇಕು" ಅನ್ನಬೇಕು. ನಿಮಗೆ ಮೂರು ತಿಂಗಳು ಕಳೆದಿದೆ. ಇನ್ನು ಮೂರು ತಿಂಗಳಲ್ಲಿ 4 ಇಂಜೆಕ್ಷನ್ ಆಗುತ್ತದೆ. 7 ಹೊರಗೆ ಉಳಿಯುತ್ತದೆ. ಮನ್ನಾ ಕಾಗದಕ್ಕೆ ಸಹಿ ಹಾಕಿದರೆ ಡಿಕ್ರಿ ಮುಂದಿನ ತಿಂಗಳೇ ಬರಬಹುದು. ಆಗ ಹೊರಗೆ ಉಳಿಯುವುದು 9 ಅಥವಾ 10. ಈ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ, ಅದು ನಿಜ. ಆದರೆ ಅದು ಮಾಡಲೇಬೇಕಾದ ಕೆಲಸವಲ್ಲ. ಇಬ್ಬರಿಗೂ ಬೇಕಿದ್ದರೆ ಕೇಳುವುದು. ನಿಮಗೆ ಬೇಡ.

ಇನ್ನೊಂದು ಮಾತು ನಿಮ್ಮ ವಕೀಲರು ಹೇಳಿದ್ದಾರೋ ಇಲ್ಲವೋ. ಆರು ತಿಂಗಳು ಆದ ತಕ್ಷಣ ಹೋಗಿ ನಿಲ್ಲಬೇಕು ಎಂದೇನಿಲ್ಲ. ಎರಡನೇ ಹೇಳಿಕೆಗೆ ಮೊದಲ ಅರ್ಜಿಯಿಂದ 18 ತಿಂಗಳವರೆಗೆ ಕಾಲಾವಕಾಶ ಇದೆ. ಡಿಕ್ರಿ ಆಗುವವರೆಗೂ ಒಪ್ಪಿಗೆ ವಾಪಸ್ ತೆಗೆದುಕೊಳ್ಳುವ ಹಕ್ಕೂ ಇದೆ. ಇದು 1991ರಿಂದಲೇ ಸುಪ್ರೀಂ ಕೋರ್ಟಿನ ಮಾತು. ಅಂದರೆ ನಿಮ್ಮ ಎರಡನೇ ಸಹಿ ಇಲ್ಲದೆ ಈ ಅರ್ಜಿ ಮುಂದೆ ಹೋಗುವುದಿಲ್ಲ. ಯಾರಿಗೂ ಮೋಸ ಮಾಡಿ ಎನ್ನುತ್ತಿಲ್ಲ. ನೇರವಾಗಿಯೇ ಹೇಳಿ: "ಡೈವೋರ್ಸ್ ಕೊಡ್ತೀನಿ. ಹದಿನೆಂಟನೇ ಇಂಜೆಕ್ಷನ್ ಆದಮೇಲೆ ಕೊಡ್ತೀನಿ." ಎರಡು ವರ್ಷ ಬೇರೆ ಇದ್ದವರಿಗೆ ಇನ್ನೊಂದು ಏಳೆಂಟು ತಿಂಗಳು ಭಾರವಾಗಬಾರದು.

ನಿಮ್ಮ ಅತ್ತೆಯವರ ಮಾತು ತಪ್ಪು. ಕ್ಯಾನ್ಸರ್ ಬಂದಿದೆ ಎಂದು ಡೈವೋರ್ಸ್ ಕೊಡಿ ಎಂದು ಕೇಳಲು ಹಿಂದೂ ವಿವಾಹ ಕಾಯ್ದೆಯಲ್ಲಿ ಜಾಗವೇ ಇಲ್ಲ. ಮೊದಲು ಕುಷ್ಠರೋಗ ಒಂದು ಕಾರಣವಾಗಿತ್ತು, 2019ರಲ್ಲಿ ಅದನ್ನೂ ತೆಗೆದರು. 2015ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಿಮ್ಮಂಥದ್ದೇ ಒಂದು ಪ್ರಕರಣ ಬಂದಿತ್ತು. ಹೆಂಡತಿಗೆ ಸ್ತನ ಕ್ಯಾನ್ಸರ್. ಹನ್ನೆರಡೂವರೆ ಲಕ್ಷಕ್ಕೆ ರಾಜಿಯಾಗಿ, ಇಬ್ಬರೂ ಒಪ್ಪಿಯೇ ಡೈವೋರ್ಸ್ ಕೇಳಿದ್ದರು. ಚಿಕಿತ್ಸೆಯ ದುಡ್ಡಿಗಾಗಿಯೇ ಈಕೆ ಒಪ್ಪಿರಬಹುದಲ್ವಾ ಎಂಬ ಅನುಮಾನ ಕೋರ್ಟಿಗೆ ಬಂತು. ಡೈವೋರ್ಸ್ ಕೊಡಲಿಲ್ಲ. ಗಂಡ 5 ಲಕ್ಷವನ್ನು ತಕ್ಷಣ ಚಿಕಿತ್ಸೆಗೆ ಕೊಡಲಿ, ಆಕೆ ಪೂರ್ತಿ ಗುಣವಾದಮೇಲೆ ಬೇಕಿದ್ದರೆ ಬನ್ನಿ ಎಂದಿತು. ಇದನ್ನು ಅತ್ತೆಯವರಿಗೆ ಓದಿ ಹೇಳುವುದು ಬೇಡ, ನಿಮ್ಮ ವಕೀಲರಿಗೆ ನೆನಪಿಸಿ.

ಗಂಡನಿಗೆ ತೀರಾ ಅವಸರವಿದ್ದರೆ ಇನ್ನೊಂದು ದಾರಿ ಇದೆ. ಅದೇ ಕಾಯ್ದೆಯ 10ನೇ ಕಲಮು, ನ್ಯಾಯಿಕ ಪ್ರತ್ಯೇಕತೆ. ಅದರಲ್ಲಿ ಬೇರೆ ಬೇರೆ ಇರಲು ಕೋರ್ಟಿನ ಆದೇಶ ಸಿಗುತ್ತದೆ, ಆದರೆ ಮದುವೆ ಮುರಿಯುವುದಿಲ್ಲ. ನೀವು ಹೆಂಡತಿಯಾಗಿಯೇ ಇರುತ್ತೀರಿ. ಒಂದು ವರ್ಷ ಕಳೆದು ಒಟ್ಟಿಗೆ ಬಾಳದಿದ್ದರೆ ಅದರ ಮೇಲೇ ಯಾರು ಬೇಕಾದರೂ ಡೈವೋರ್ಸ್ ಕೇಳಬಹುದು. ಅಷ್ಟರಲ್ಲಿ ನಿಮ್ಮ ಇಂಜೆಕ್ಷನ್ ಮುಗಿದಿರುತ್ತದೆ. ಇದಕ್ಕೆ ಜನ ಹೋಗುವುದು ಕಡಿಮೆ, ಎರಡು ಸಲ ಕೋರ್ಟು ಅಲೆಯಬೇಕು ಅಂತ.

ಆದರೆ ಸಹಿ ಹಾಕದೆ ಕೂತರೆ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಪಾಲಿಸಿ ನಿಮ್ಮದಲ್ಲ. ಅವರು ಕೆಲಸ ಬಿಟ್ಟರೆ ನಿಮ್ಮ ಕಾರ್ಡೂ ಹೋಯಿತು. ವರ್ಷಕ್ಕೊಮ್ಮೆ ಪಾಲಿಸಿ ರಿನ್ಯೂ ಆಗುವಾಗ ಎಚ್‌ಆರ್ ಕಳಿಸುವ ಫಾರಂನಲ್ಲಿ ಅವರು ನಿಮ್ಮ ಹೆಸರನ್ನು ಸುಮ್ಮನೆ ಬಿಟ್ಟುಬಿಡಬಹುದು. ನಾನು ನೋಡಿದ ಎಷ್ಟೋ ಕೇಸಿನಲ್ಲಿ ಹೆಸರು ಹೋದದ್ದು ಹಾಗೆಯೇ, ಜಗಳವಿಲ್ಲದೆ, ಒಂದು ಟಿಕ್ ಹಾಕದೆ. ಅದಕ್ಕೆ ಪಾಲಿಸಿ ಯಾವ ತಾರೀಖಿಗೆ ಮುಗಿಯುತ್ತದೆ ಎಂದು ಇವತ್ತೇ ತಿಳಿದುಕೊಳ್ಳಿ. ಕೇಸು ನಡೆಯುವವರೆಗೆ ಹೆಂಡತಿಯ ಹೆಸರು ತೆಗೆಯುವುದಿಲ್ಲ ಎಂದು ಅವರು ಕೋರ್ಟಿನ ಮುಂದೆ ಬರೆದುಕೊಡಲಿ ಎಂದು ನಿಮ್ಮ ವಕೀಲರು ಕೇಳಲಿ. ಒಳ್ಳೆಯ ಮಾತಿನಲ್ಲಿ ಡೈವೋರ್ಸ್ ಬೇಕು ಎನ್ನುವವರು ಇದಕ್ಕೆ ಇಲ್ಲ ಎನ್ನುವುದು ಕಷ್ಟ.

ಈ ವಾರ ಇನ್ನೊಂದು ಕೆಲಸ ಮಾಡಿ. ಇ-ಕಾರ್ಡ್, ಪಾಲಿಸಿ ನಂಬರು, ಇಲ್ಲಿಯವರೆಗಿನ ಕ್ಲೇಮಿನ ಪಟ್ಟಿ, ಈ ವರ್ಷ ಎಷ್ಟು ದುಡ್ಡು ಉಳಿದಿದೆ ಎಂಬುದು, ಇವೆಲ್ಲ ಬಹುಶಃ ಅವರ ಮೇಲ್‌ನಲ್ಲಿ, ಅವರ ಲಾಗಿನ್‌ನಲ್ಲಿ ಇರುತ್ತದೆ. ಮಾತುಕತೆ ಇರುವಾಗಲೇ ತರಿಸಿಕೊಳ್ಳಿ. ಆಸ್ಪತ್ರೆಯಿಂದ ಬಯಾಪ್ಸಿ ರಿಪೋರ್ಟು, ಎಚ್‌ಇಆರ್2 ರಿಪೋರ್ಟು (ಈ ಇಂಜೆಕ್ಷನ್ ನಿಮ್ಮ ಗಂಟಿಗೆ ಹೊಂದುತ್ತದೆಯೇ ಎಂದು ತೋರಿಸುವುದು), ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ, ಪ್ರತಿ ಇಂಜೆಕ್ಷನ್ನಿನ ಡೇ ಕೇರ್ ಚೀಟಿ, ಹೃದಯದ ಎಕೋ ರಿಪೋರ್ಟು, ಎಲ್ಲದರ ಎರಡು ಸೆಟ್ ಇಟ್ಟುಕೊಳ್ಳಿ. ನಾಳೆ ಬೇರೆ ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ಎಚ್‌ಇಆರ್2 ರಿಪೋರ್ಟಿಲ್ಲದೆ ಯಾರೂ ಈ ಇಂಜೆಕ್ಷನ್ ಚುಚ್ಚುವುದಿಲ್ಲ.

ಡಿಕ್ರಿ ಆದಮೇಲೆ ಏನು? ಒಂದು, ಅದೇ ವಿಮಾ ಕಂಪನಿಯಲ್ಲಿ ಗ್ರೂಪ್ ಪಾಲಿಸಿಯಿಂದ ಸ್ವಂತ ಪಾಲಿಸಿಗೆ ಬದಲಾಗಲು ಕೇಳಬಹುದು. ಮೈಗ್ರೇಷನ್ ಎನ್ನುತ್ತಾರೆ. ಗ್ರೂಪಿನಲ್ಲಿ ಕಳೆದ ವರ್ಷಗಳು ಪಾಲಿಸಿಯ ಕಾಯುವ ಅವಧಿಗೆ (ಮೊದಲೇ ಇದ್ದ ಕಾಯಿಲೆಗೆ ದುಡ್ಡು ಕೊಡದ ಅವಧಿ) ಜಮೆ ಆಗುತ್ತವೆ, ಅದೇ ಇದರ ಲಾಭ. ಆದರೆ ಕೊಡುವುದು ಬಿಡುವುದು ಅವರ ಪರಿಶೀಲನೆಗೆ ಬಿಟ್ಟದ್ದು. ಚಿಕಿತ್ಸೆ ನಡೆಯುತ್ತಿರುವಾಗ ಒಪ್ಪಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ, ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಆದರೂ ಹೆಸರು ಹೋಗುವುದಕ್ಕೆ ಒಂದು ತಿಂಗಳು ಮುಂಚೆಯೇ ಬರವಣಿಗೆಯಲ್ಲಿ ಕೇಳಿ. ಆಗುವುದಿಲ್ಲ ಎಂದರೆ ಅದನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಆ ಕಾಗದ ಬೆಂಗಳೂರಿನಲ್ಲಿ ವಿಮೆಯ ದೂರು ಕೇಳುವ ಓಂಬುಡ್ಸ್‌ಮನ್ ಬಳಿ ಹೋಗಲು ಬೇಕಾಗುತ್ತದೆ.

ಇನ್ನೊಂದು, ಸರ್ಕಾರದ್ದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ನಿಮ್ಮ ಹೆಸರು ಈಗ ಯಾವ ರೇಷನ್ ಕಾರ್ಡಿನಲ್ಲಿದೆ? ಗಂಡನ ಮನೆಯದರಲ್ಲೇ ಇರಬೇಕು. ಅಲ್ಲಿ ತೆಗೆಸದೆ ತವರಿನ ಕಾರ್ಡಿಗೆ ಸೇರುವುದಿಲ್ಲ. ಹೊಸ ಕಾರ್ಡಿನ ಅರ್ಜಿ, ತಿದ್ದುಪಡಿ ಎಲ್ಲ ಸಮಯದಲ್ಲೂ ತೆಗೆದುಕೊಳ್ಳುವುದಿಲ್ಲ, ಸರ್ವರ್ ಇಲ್ಲ ಎನ್ನುವುದು ಬೇರೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತದೆ, ಹಾಗಾಗಿ ಈಗಲೇ ಓಡಾಡಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು (ಈ ಯೋಜನೆಯ ಸಹಾಯಕರು) ಕಂಡು, ಈ ಇಂಜೆಕ್ಷನ್ ಪ್ಯಾಕೇಜಿನಲ್ಲಿ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ, ರೆಫರಲ್ ಹೇಗೆ ಎಂದು ಕೇಳಿ. ಬೆಂಗಳೂರಿನ ಕಿದ್ವಾಯಿ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ ಎರಡರ ಬಗ್ಗೆಯೂ ವಿಚಾರಿಸಿ. ದಾವಣಗೆರೆಯಿಂದ ಹುಬ್ಬಳ್ಳಿ ಹತ್ತಿರ, ಬೆಳಿಗ್ಗೆ ಹೋಗಿ ರಾತ್ರಿಗೆ ಬರಬಹುದು.

ಮತ್ತೊಂದು, ನಿಮ್ಮದೇ ಕೆಲಸ. ಕೆಲಸಕ್ಕೆ ಹೋಗುವ ಶಕ್ತಿ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ, ಸಂಬಳ 21,000ದ ಒಳಗಿರುವ, ಇಎಸ್‌ಐ (ನೌಕರರ ರಾಜ್ಯ ವಿಮೆ) ಕಟ್ಟುವ ಕೆಲಸ ಹುಡುಕಿ. ಇಎಸ್‌ಐನಲ್ಲಿ ಮೊದಲಿಂದ ಕಾಯಿಲೆ ಇತ್ತಾ ಎಂದು ಯಾರೂ ಕೇಳುವುದಿಲ್ಲ, ನಿಮ್ಮ ಪಾಲು ಸಂಬಳದ ಶೇ. 0.75 ಅಷ್ಟೇ. ಆದರೆ ಕ್ಯಾನ್ಸರಿನಂಥ ದೊಡ್ಡ ಚಿಕಿತ್ಸೆಗೆ ಕೆಲವು ತಿಂಗಳ ವಂತಿಗೆ ಆಗಿರಬೇಕು. ಡಿಕ್ರಿ ಆದಮೇಲೆ ಸೇರಿದರೆ ನಡುವೆ ಬರಿಗೈ. ಅದಕ್ಕೆ ಮೊದಲೇ ಸೇರಿ.

ಕೊನೆಗೆ 8 ಲಕ್ಷದ ಮಾತು. ರಾಜಿ ಪತ್ರದಲ್ಲಿ "ಹಿಂದಿನ, ಇಂದಿನ ಹಾಗೂ ಮುಂದಿನ ಯಾವುದೇ ಜೀವನಾಂಶ ಕೇಳುವುದಿಲ್ಲ" ಎಂಬ ಸಾಲು ಇದ್ದೇ ಇರುತ್ತದೆ, ಹುಡುಕಿ ನೋಡಿ. ಆ ಒಂದು ಸಾಲಿನಲ್ಲಿ ನಿಮ್ಮ ಮುಂದಿನ ಹತ್ತು ವರ್ಷದ ಮಾತ್ರೆ, ಸ್ಕ್ಯಾನು, ಚೆಕಪ್ಪು ಎಲ್ಲ ಹೋಗುತ್ತದೆ. ಚಿಕಿತ್ಸೆಯ ಖರ್ಚು ಆ 8 ಲಕ್ಷದ ಒಳಗಲ್ಲ, ಹೊರಗೆ ಎಂದು ಬರೆಸಿ. ಆಸ್ಪತ್ರೆಯಿಂದ ಉಳಿದ ಚಿಕಿತ್ಸೆಗೆ ಎಸ್ಟಿಮೇಟ್ ಮಾಡಿಸಿ ಅದನ್ನು ಪತ್ರಕ್ಕೆ ಲಗತ್ತಿಸಿ. ದುಡ್ಡು ಎರಡನೇ ಹೇಳಿಕೆಯ ದಿನ ಡಿಡಿಯಲ್ಲಿ ಕೈಗೆ ಬರಲಿ, ಆಮೇಲೆ ಕಂತಿನಲ್ಲಿ ಎಂದರೆ ಒಪ್ಪಬೇಡಿ. ಅವರು ಇದ್ಯಾವುದಕ್ಕೂ ಬಗ್ಗದಿದ್ದರೆ, ಕೇಸು ನಡೆಯುವಾಗ ಖರ್ಚಿಗೆ ಕೇಳಲು ಹಿಂದೂ ವಿವಾಹ ಕಾಯ್ದೆಯ 24ನೇ ಕಲಮು ಇದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20ನೇ ಕಲಮಿನಲ್ಲಿ ವೈದ್ಯಕೀಯ ಖರ್ಚು ಎಂದು ಹೆಸರಿಟ್ಟೇ ಬರೆದಿದೆ. ವಕೀಲರ ಫೀಸಿನ ಚಿಂತೆ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರು ಉಚಿತ. ಕೋರ್ಟಿನ ಆವರಣದಲ್ಲೇ ಅವರ ಕಚೇರಿ ಇರುತ್ತದೆ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಈಗಿರುವ ನಿಮ್ಮ ವಕೀಲರನ್ನು ಗೊತ್ತುಮಾಡಿದ್ದು ಯಾರು? ಗಂಡನ ಕಡೆಯವರೇ ಆಗಿದ್ದರೆ ಬದಲಾಯಿಸಿ.

ಪ್ರಶ್ನೆ: ನಾನು ಬೆಂಗಳೂರಿನ ಕೇಂದ್ರ ಸರ್ಕಾರಿ ಕಚೇರಿಯೊಂದರಿಂದ ನಿವೃತ್ತನಾದವನು, 71 ವರ್ಷ, ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆಯ ಸಿಜಿಎಚ್‌ಎಸ್ ಕಾರ್ಡ್ ಇದೆ. ಮಗಳಿಗೆ 44. ಎರಡೂ ಮೂತ್ರಪಿಂಡ ಹೋಗಿ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಳಿಯ ಮನೆ ಬಿಟ್ಟು ಹೋಗಿ ಒಂದೂವರೆ ವರ್ಷ, ಡೈವೋರ್ಸ್ ಕೇಸು ನಡೆಯುತ್ತಿದೆ. ಮದುವೆಯಾದ ಮಗಳನ್ನು ನನ್ನ ಕಾರ್ಡಿಗೆ ಸೇರಿಸಲು ಆಗುವುದಿಲ್ಲ ಎಂದು ಸ್ನೇಹಿತರು ಹೇಳುತ್ತಾರೆ. ಡೈವೋರ್ಸ್ ಬೇಗ ಆಗಲಿ ಎಂದು ಪ್ರಯತ್ನಿಸಲೇ?
ನಿವೃತ್ತರು, ಬೆಂಗಳೂರು

ಉತ್ತರ: ನಿಮ್ಮ ಸ್ನೇಹಿತರು ಅರ್ಧ ಸರಿ ಹೇಳಿದ್ದಾರೆ ಸರ್. ಮದುವೆಯಾಗಿ ಗಂಡನ ಜೊತೆಗಿರುವ ಮಗಳನ್ನು ಸೇರಿಸುವುದಿಲ್ಲ. ಆದರೆ ಸಿಜಿಎಚ್‌ಎಸ್‌ನಲ್ಲಿ ನಿಮ್ಮ ಮೇಲೆ ಅವಲಂಬಿತಳಾದ ಮಗಳು ವಿಚ್ಛೇದಿತೆ, ವಿಧವೆ, ಗಂಡ ಬಿಟ್ಟವಳು ಅಥವಾ ಗಂಡನಿಂದ ಬೇರೆ ಇರುವವಳು ಆಗಿದ್ದರೆ ವಯಸ್ಸಿನ ಮಿತಿಯಿಲ್ಲದೆ ಸೇರಿಸಬಹುದು. ಗಂಡ ಬಿಟ್ಟವಳು ಎಂಬ ಮಾತು ನೋಡಿದಿರಲ್ಲ. ಡಿಕ್ರಿಗೆ ಕಾಯಬೇಕಾಗಿಲ್ಲ, ಅವಸರ ಪಡಬೇಕಾಗಿಯೂ ಇಲ್ಲ.

ಒಂದು ಷರತ್ತು ಇದೆ, ಆಕೆಯ ಸ್ವಂತ ಆದಾಯ. ತಿಂಗಳಿಗೆ 9,000 ರೂಪಾಯಿ, ಅದರ ಮೇಲಿನ ತುಟ್ಟಿಭತ್ಯೆ ಸೇರಿಸಿ ಬರುವ ಮೊತ್ತದ ಒಳಗಿರಬೇಕು. ಇಲ್ಲಿ ಎಚ್ಚರ. ಕೇಸಿನಲ್ಲಿ ತಿಂಗಳು ತಿಂಗಳು ಜೀವನಾಂಶ ಬರುವಂತೆ ಆದರೆ ಅದನ್ನು ಆದಾಯ ಎಂದು ಎತ್ತುವ ಸಾಧ್ಯತೆ ಇದೆ. ಜೀವನಾಂಶ ಕೇಳಬೇಡಿ ಎಂದಲ್ಲ. ಮೊತ್ತ ಗೊತ್ತುಮಾಡುವ ಮೊದಲು ವಕೀಲರೂ ನೀವೂ ಕೂತು ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವಾರಕ್ಕೆ ಮೂರು ಡಯಾಲಿಸಿಸ್ ಅಂದರೆ ತಿಂಗಳಿಗೆ 12, 13. ಪಿಂಚಣಿದಾರರ ಕಾರ್ಡಿಗೆ ಸಿಜಿಎಚ್‌ಎಸ್ ಒಪ್ಪಿದ ಖಾಸಗಿ ಆಸ್ಪತ್ರೆಗಳಲ್ಲಿ ಕ್ಯಾಶ್‌ಲೆಸ್ ಆಗುತ್ತದೆ. ಸಣ್ಣ ಜೀವನಾಂಶಕ್ಕಾಗಿ ಅದನ್ನು ಕಳೆದುಕೊಂಡರೆ ನಷ್ಟ ನಿಮಗೇ.

ಕೇಸಿನ ನಂಬರು, ಅರ್ಜಿಯ ಪ್ರತಿ, ಆಕೆ ನಿಮ್ಮ ಮನೆಯಲ್ಲೇ ಇದ್ದಾಳೆ ಎಂಬುದಕ್ಕೆ ವಿಳಾಸ ಬದಲಿಸಿದ ಆಧಾರ್, ಆದಾಯದ ಬಗ್ಗೆ ಅಫಿಡವಿಟ್ ತೆಗೆದುಕೊಂಡು ಸಿಜಿಎಚ್‌ಎಸ್ ಕಚೇರಿಗೆ ನೀವೇ ಹೋಗಿ. ಕೌಂಟರಿನಲ್ಲಿ "ಡೈವೋರ್ಸ್ ಆದ್ಮೇಲೆ ಬನ್ನಿ" ಎಂದರೆ ವಾದ ಮಾಡಬೇಡಿ. ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಂಡು ಬನ್ನಿ. ಬರವಣಿಗೆಯಲ್ಲಿ ಆಗುವುದಿಲ್ಲ ಎಂದು ಕೊಡಲು ಅವರೂ ನಿಯಮ ತೆರೆದು ನೋಡಲೇಬೇಕು.

ಕಾರ್ಡ್ ಬರುವವರೆಗೆ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಡಯಾಲಿಸಿಸ್ ಕೇಂದ್ರಗಳಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆಯೂ ಇದೆ. ಸರದಿ ಉದ್ದ, ಆದರೆ ಹೆಸರು ಬರೆಸಿಡಿ.

ಪ್ರಶ್ನೆ: ಡೈವೋರ್ಸ್ ಆಗಿ ಗಂಡನ ಪಾಲಿಸಿ ಹೋಯಿತು. ನನಗೆ ಲೂಪಸ್ ಇದೆ, ಆರು ವರ್ಷದಿಂದ ಮಾತ್ರೆ. ಹೊಸ ಪಾಲಿಸಿ ಮಾಡಿಸಿದೆ. ಏಜೆಂಟರು ಫಾರಂನಲ್ಲಿ ಕಾಯಿಲೆ ಇಲ್ಲ ಎಂದು ಅವರೇ ಟಿಕ್ ಹಾಕಿ, "ಅಕ್ಕಾ, ಐದು ವರ್ಷ ಆದ್ರೆ ಯಾರೂ ಕೇಳಲ್ಲ" ಎಂದರು. ಪಾಲಿಸಿ ಕೈಗೆ ಬಂದು 19 ದಿನ ಆಯಿತು. ನಿದ್ದೆ ಬರುತ್ತಿಲ್ಲ. ಏನು ಮಾಡಲಿ?
ಓದುಗಳು, ಮಂಡ್ಯ

ಉತ್ತರ: ಏಜೆಂಟರು ಹೇಳಿದ್ದು 60 ತಿಂಗಳ ನಿಯಮ. ಸತತವಾಗಿ ಅಷ್ಟು ವರ್ಷ ಪಾಲಿಸಿ ನಡೆದರೆ ಹೇಳದೆ ಬಿಟ್ಟ ಕಾಯಿಲೆಯ ನೆಪದಲ್ಲಿ ಕ್ಲೇಮು ನಿರಾಕರಿಸುವಂತಿಲ್ಲ ಎಂದಿದೆ. ಆದರೆ ಮೋಸ ಸಾಬೀತಾದರೆ ಆ ರಕ್ಷಣೆ ಇಲ್ಲ ಎಂದೂ ಅದರಲ್ಲೇ ಇದೆ, ಅವರು ಅಷ್ಟನ್ನು ಬಿಟ್ಟು ಹೇಳಿದ್ದಾರೆ. ಆರು ವರ್ಷದ ಮಾತ್ರೆ ಚೀಟಿ ಇರುವವರು ಇಲ್ಲ ಎಂದು ಬರೆದರೆ ಅದನ್ನು ಮರೆವು ಎಂದು ಯಾರೂ ನಂಬುವುದಿಲ್ಲ. ಲೂಪಸ್ ಎಂದರೆ ಆಸ್ಪತ್ರೆಯಲ್ಲಿ ಮೊದಲು ಕೇಳುವುದೇ "ಎಷ್ಟು ವರ್ಷದಿಂದ?" ನೀವು ನಿಜ ಹೇಳುತ್ತೀರಿ, ಡಾಕ್ಟರು ಬರೆದುಕೊಳ್ಳುತ್ತಾರೆ, ಆ ಚೀಟಿ ಸೀದಾ ಕ್ಲೇಮು ಟೇಬಲ್ಲಿಗೆ ಬರುತ್ತದೆ. ನಾನು ಕೂತಿದ್ದ ಟೇಬಲ್ಲು ಅದೇ.

ನಿಜ ಬರೆದರೆ ಆಗುವುದು ಇಷ್ಟು: ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹಾಕುತ್ತಾರೆ, ಅದು 36 ತಿಂಗಳಿಗಿಂತ ಜಾಸ್ತಿ ಇರುವಂತಿಲ್ಲ. 2024ರವರೆಗೆ 48 ಇತ್ತು. ಪ್ರೀಮಿಯಂ ಏರಬಹುದು. ಕೊಡುವುದಿಲ್ಲ ಎನ್ನಲೂಬಹುದು, ಆಗ ಇನ್ನೊಂದು ಕಂಪನಿ ನೋಡಬೇಕು.

ಪಾಲಿಸಿ ಕೈಗೆ ಬಂದ ದಿನದಿಂದ 30 ದಿನದೊಳಗೆ ಬೇಡ ಎಂದು ವಾಪಸ್ ಕೊಡಬಹುದು, ಸ್ವಲ್ಪ ಮುರಿದುಕೊಂಡು ದುಡ್ಡು ಹಿಂದಿರುಗಿಸುತ್ತಾರೆ. ನಿಮಗೆ ಇನ್ನೂ 11 ದಿನ ಇದೆ. ಮೊದಲು ಕಂಪನಿಗೆ ಮೇಲ್ ಬರೆದು ಲೂಪಸ್ ವಿಷಯ ತಿಳಿಸಿ, ಫಾರಂ ತಿದ್ದಿಕೊಳ್ಳಿ ಎಂದು ಕೇಳಿ. ಒಂದು ವಾರದಲ್ಲಿ ಉತ್ತರ ಬರದಿದ್ದರೆ ಪಾಲಿಸಿ ವಾಪಸ್ ಮಾಡಿ. ಏಜೆಂಟರಿಗೆ ಫೋನ್ ಮಾಡುವುದು ಆಮೇಲೆ.